ಮಗುವಿನ ಮೈನಸ್ ನಂಬರ್ ಏರುತ್ತಲೇ ಇದೆಯೇ? ಲೆನ್ಸ್ ಹಾಕಿಸುವ ಮುನ್ನ, ಹಾಕಿಸಿದ ಮೇಲೆ

ಕಳೆದ ಜೂನ್‌ನಲ್ಲಿ ಮೈನಸ್ 1.50 ಇದ್ದ ಚಷ್ಮಾ ನಂಬರ್ ಈ ಜೂನ್‌ಗೆ ಮೈನಸ್ 2.25 ಆಗಿದ್ದರೆ, ಅಂಗಡಿಗೆ ಹೋಗಿ ಗಾಜು ಬದಲಿಸಿಕೊಂಡು ಬರುವುದು ನಮ್ಮ ಕಲಬುರಗಿ ಕಡೆ ರೂಢಿ. ಹೊಸ ಗಾಜಿನಲ್ಲಿ ಮಗುವಿಗೆ ಬೋರ್ಡ್ ಮೇಲಿನ ಅಕ್ಷರ ಕಾಣುತ್ತವೆ. ನಂಬರ್ ಏರುವ ಕಾರಣ ಮಾತ್ರ ಇದ್ದಲ್ಲೇ ಇರುತ್ತದೆ: ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುತ್ತಿದೆ. ದೊಡ್ಡವರ ಕಣ್ಣಿನ ಉದ್ದ ಸಾಮಾನ್ಯವಾಗಿ 23ರಿಂದ 24 ಮಿಲಿಮೀಟರ್. ಅದಕ್ಕಿಂತ ಒಂದು ಮಿಲಿಮೀಟರ್ ಹೆಚ್ಚಾದರೆ ಸುಮಾರು ಎರಡೂವರೆ ನಂಬರ್ ಏರಿದಂತೆ. ರೊಟ್ಟಿ ಅಗಲಕ್ಕೆ ಬಡಿದಷ್ಟೂ ತೆಳುವಾಗುವ ಹಾಗೆ, ಕಣ್ಣು ಉದ್ದವಾದಷ್ಟೂ ಒಳಗೆ ಬಿಂಬ ಮೂಡುವ ಪದರವಾದ ಅಕ್ಷಿಪಟಲ ಹಿಗ್ಗಿ ತೆಳುವಾಗುತ್ತದೆ. ಮೈನಸ್ 6 ದಾಟಿದವರಿಗೆ ಮುಂದೆ ಅಕ್ಷಿಪಟಲ ಕಳಚುವುದು, ಅದರ ನಡುಭಾಗ ಸವೆಯುವುದು, ಕಣ್ಣಿನ ನರ ಹಾಳುಮಾಡುವ ಗ್ಲಾಕೋಮಾ ಬರುವುದು ಇವೆಲ್ಲದರ ಅಪಾಯ ಹೆಚ್ಚು. ಚಷ್ಮಾ ತೆಗೆಸುವ ಆಪರೇಷನ್ ಮುಂದೊಂದು ದಿನ ಮಾಡಿಸಿದರೂ ಕಣ್ಣು ಗಿಡ್ಡವಾಗುವುದಿಲ್ಲ. ಈ ಅಪಾಯಗಳು ಹಾಗೇ ಉಳಿಯುತ್ತವೆ.

ಈ ಬೆಳವಣಿಗೆಯನ್ನು ನಿಧಾನಿಸಲೆಂದೇ ಕೆಲವು ಕಾಂಟ್ಯಾಕ್ಟ್ ಲೆನ್ಸ್‌ಗಳಿವೆ. ಅವು ನಿಧಾನಿಸುತ್ತವೆಯೇ ಹೊರತು ನಿಲ್ಲಿಸುವುದಿಲ್ಲ, ಬಂದ ನಂಬರನ್ನು ಇಳಿಸುವುದೂ ಇಲ್ಲ. ಇದನ್ನು ಔಷಧದಂತೆ ನೋಡಿ. ಔಷಧಕ್ಕೆ ಡೋಸ್ ಇರುವಂತೆ ಲೆನ್ಸಿಗೆ ಗಂಟೆಗಳ ಲೆಕ್ಕ. ಮದುವೆ, ಗ್ಯಾದರಿಂಗ್ ಇದ್ದ ದಿನ ಮಾತ್ರ ಹಾಕಿದರೆ ದುಡ್ಡು ಹೋಗುತ್ತದೆ, ನಂಬರ್ ಏರುತ್ತದೆ.

ಯಾವ ಲೆನ್ಸ್?

ಎಲ್ಲ ಕಾಂಟ್ಯಾಕ್ಟ್ ಲೆನ್ಸ್ ಈ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಲೆನ್ಸ್ ಚಷ್ಮಾದ ಬದಲಿ ಮಾತ್ರ, ನಂಬರ್ ಏರುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಬಣ್ಣದ ಲೆನ್ಸಂತೂ ಮಕ್ಕಳಿಗೆ ಬೇಡವೇ ಬೇಡ.

ಮೊದಲನೆಯದು ಡ್ಯುಯಲ್ ಫೋಕಸ್ ಲೆನ್ಸ್. ಬೆಳಿಗ್ಗೆ ಹೊಸದನ್ನು ಹಾಕಿ ರಾತ್ರಿ ಬಿಸಾಡುವ ಮೆತ್ತನೆ ಲೆನ್ಸ್ ಇದು. ನಡುವಿನ ವೃತ್ತ ಮಗುವಿನ ನಂಬರಿನದು, ಅದರ ಸುತ್ತ ಬಳೆಗಳಂತೆ ಬೇರೆ ಶಕ್ತಿಯ ವಲಯಗಳು. ಈ ವಲಯಗಳಿಂದ ಬಂದ ಬೆಳಕು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಕೂಡುತ್ತದೆ. ಬಿಂಬ ಹಿಂದೆ ಬಿದ್ದರೆ ಕಣ್ಣು ಅದನ್ನು ಹಿಡಿಯಲೆಂದು ಹಿಂದಕ್ಕೆ ಬೆಳೆಯುತ್ತದೆ, ಮುಂದೆ ಬಿದ್ದರೆ ಆ ಬೆಳವಣಿಗೆಗೆ ತಡೆ ಬೀಳುತ್ತದೆ. ಅಮೆರಿಕದ ಔಷಧ ಇಲಾಖೆ 2019ರಲ್ಲಿ ಇದೇ ಉದ್ದೇಶಕ್ಕೆ ಒಪ್ಪಿದ ಮೊದಲ ಲೆನ್ಸ್ ಮೈಸೈಟ್. ಶುರುಮಾಡುವಾಗ ಮಗುವಿಗೆ 8ರಿಂದ 12 ವರ್ಷ, ನಂಬರ್ ಮೈನಸ್ 0.75ರಿಂದ ಮೈನಸ್ 4, ಸಿಲಿಂಡರ್ (ಚೀಟಿಯಲ್ಲಿ ನಂಬರಿನ ಪಕ್ಕದ ಎರಡನೇ ಸಂಖ್ಯೆ) 0.75ರ ಒಳಗೆ ಇರಬೇಕು ಎಂಬುದು ಆ ಒಪ್ಪಿಗೆಯ ಮಿತಿ. ಮೂರು ವರ್ಷದ ಪ್ರಯೋಗದಲ್ಲಿ ಸಾಮಾನ್ಯ ಲೆನ್ಸ್ ಹಾಕಿದ ಮಕ್ಕಳ ಕಣ್ಣು ಸರಾಸರಿ 0.62 ಮಿ.ಮೀ. ಉದ್ದವಾದರೆ, ಇದನ್ನು ಹಾಕಿದವರದು 0.30 ಮಿ.ಮೀ. ನಂಬರಿನ ಲೆಕ್ಕದಲ್ಲಿ 1.24 ಏರಬೇಕಾದಲ್ಲಿ 0.51 ಏರಿತು.

ಎರಡನೆಯದು ತಿಂಗಳಿಗೊಮ್ಮೆ ಬದಲಿಸುವ ಮಲ್ಟಿಫೋಕಲ್ ಲೆನ್ಸ್. ಮೂಲದಲ್ಲಿ ಇದು ನಲವತ್ತು ದಾಟಿದವರಿಗೆ ಓದಲೆಂದು ಮಾಡಿದ್ದು. ಮಕ್ಕಳಿಗೆ ಕೊಡುವಾಗ ಎರಡು ವಿಷಯ ಸರಿಯಿರಬೇಕು. ಲೆನ್ಸಿನ ನಡುಭಾಗ ದೂರದ ನೋಟಕ್ಕೆ ಇರಬೇಕು, ಅಂದರೆ ‘ಸೆಂಟರ್ ಡಿಸ್ಟೆನ್ಸ್’ ಮಾದರಿ. ಆ್ಯಡ್ ಪವರ್, ಅಂದರೆ ಸುತ್ತಿನ ಭಾಗದಲ್ಲಿ ಸೇರಿಸಿದ ಹೆಚ್ಚುವರಿ ಶಕ್ತಿ, 2.50 ಇರಬೇಕು. 2020ರಲ್ಲಿ ಪ್ರಕಟವಾದ ಬ್ಲಿಂಕ್ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಸಾಮಾನ್ಯ ಲೆನ್ಸಿನವರ ನಂಬರ್ 1.05 ಏರಿತು, 2.50 ಆ್ಯಡ್ ಇದ್ದವರದು 0.60 ಮಾತ್ರ. 1.50 ಆ್ಯಡ್ ಇದ್ದವರದು 0.89, ಅಂದರೆ ಹೇಳಿಕೊಳ್ಳುವಂಥ ಉಪಯೋಗವಾಗಲಿಲ್ಲ. ಅಂಗಡಿಯವರು “ಮಲ್ಟಿಫೋಕಲ್ ಐತ್ರಿ” ಎಂದರೆ ಸಾಕಾಗದು, ಡಬ್ಬಿಯ ಮೇಲೆ ಇವೆರಡನ್ನೂ ಓದಿ ನೋಡಿ.

ಮೂರನೆಯದು ಆರ್ಥೋ-ಕೆ. ರಾತ್ರಿ ಹಾಕಿಕೊಂಡು ಮಲಗಿ ಬೆಳಿಗ್ಗೆ ತೆಗೆಯುವ ಗಟ್ಟಿ ಲೆನ್ಸ್ ಇದು. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಆಕಾರವನ್ನು ರಾತ್ರಿಯಿಡೀ ತಿದ್ದಿ, ಹಗಲು ಚಷ್ಮಾ ಇಲ್ಲದೆಯೇ ಕಾಣುವಂತೆ ಮಾಡುತ್ತದೆ. ಒಂದೆರಡು ರಾತ್ರಿ ಬಿಟ್ಟರೆ ಕಾರ್ನಿಯಾ ಮೊದಲಿನಂತಾಗತೊಡಗಿ ನಂಬರ್ ಮರಳತೊಡಗುತ್ತದೆ. ಹಗಲಿನ ಧೂಳು, ಬಿಸಿಲು ಲೆನ್ಸಿಗೆ ತಾಗುವುದಿಲ್ಲ ಎಂಬ ಲೆಕ್ಕಕ್ಕೆ ನಮ್ಮ ಸೀಮೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಆದರೆ ಮುಚ್ಚಿದ ರೆಪ್ಪೆಯಡಿ ಎಂಟು ಗಂಟೆ ಲೆನ್ಸ್ ಇರುವುದರಿಂದ ಸೋಂಕಿನ ಅಪಾಯ ದಿನಬಳಕೆಯ ಮೆತ್ತನೆ ಲೆನ್ಸಿಗಿಂತ ಹೆಚ್ಚು. ದಿನಾ ಉಜ್ಜಿ ತೊಳೆಯುವ ಶಿಸ್ತು ಇರುವ ಮನೆಗೆ ಮಾತ್ರ, ಕಾರ್ನಿಯಾ ನಕ್ಷೆ ತೆಗೆಯುವ ಯಂತ್ರವೂ ಅದರ ಅನುಭವವೂ ಇರುವ ಕಡೆ ಮಾತ್ರ ಇದನ್ನು ಮಾಡಿಸಬೇಕು.

ಎಂಟು-ಹತ್ತು ವರ್ಷದ ಮಗುವಿಗೆ, ಕಲಬುರಗಿ ಸುತ್ತಿನ ಹಳ್ಳಿ-ಪಟ್ಟಣಗಳ ಮಟ್ಟಿಗೆ, ದಿನಬಳಕೆಯ ಲೆನ್ಸನ್ನೇ ಮೊದಲು ನೋಡಿ ಎಂಬುದು ನಮ್ಮ ಮಾತು. ತೊಳೆಯುವ ಕೆಲಸವಿಲ್ಲ, ಇಡುವ ಡಬ್ಬಿಯಿಲ್ಲ. ಸೋಂಕು ಬರುವ ಅರ್ಧ ದಾರಿ ಅಲ್ಲಿಗೇ ಮುಚ್ಚಿತು.

ಮೊದಲ ಹೆಜ್ಜೆ: ಸರಿಯಾದ ಅಳತೆ

ಹಳೆಯ ಚೀಟಿಗಳನ್ನೆಲ್ಲ ಹುಡುಕಿ ತೆಗೆಯಿರಿ. ಕಣ್ಣಿಗೆ ಎರಡು ಸಂಖ್ಯೆ ಇದ್ದರೆ ಮೊದಲನೆಯದಕ್ಕೆ ಸಿಲಿಂಡರಿನ ಅರ್ಧ ಕೂಡಿಸಿ: ಮೈನಸ್ 2.00, ಸಿಲಿಂಡರ್ ಮೈನಸ್ 0.50 ಇದ್ದರೆ ಲೆಕ್ಕಕ್ಕೆ ಮೈನಸ್ 2.25. ವರ್ಷಕ್ಕೆ 0.50 ಅಥವಾ ಹೆಚ್ಚು ಏರುತ್ತಿದ್ದರೆ ಚಿಕಿತ್ಸೆಯ ಮಾತು ತೆಗೆಯಬೇಕು. ಅಪ್ಪ-ಅವ್ವ ಇಬ್ಬರಿಗೂ ಮೈನಸ್ ಇದ್ದು, ಮಗುವಿಗೆ ಏಳೆಂಟು ವರ್ಷಕ್ಕೇ ಶುರುವಾಗಿದ್ದರೆ ಎರಡನೇ ಚೀಟಿಗೆ ಕಾಯುವ ಅಗತ್ಯವಿಲ್ಲ. ಚಿಕ್ಕ ವಯಸ್ಸಿನಲ್ಲಿ ಶುರುವಾದಷ್ಟೂ ಏರಲು ಹೆಚ್ಚು ವರ್ಷ ಸಿಗುತ್ತದೆ.

ಪರೀಕ್ಷೆ ಕಂಪ್ಯೂಟರ್ ಮುಂದೆ ಗದ್ದ ಇಟ್ಟು ನೋಡುವುದಕ್ಕೆ ಮುಗಿಯಬಾರದು. ಮಕ್ಕಳ ಕಣ್ಣು ಹತ್ತಿರಕ್ಕೆ ಬಿಗಿಹಿಡಿಯುವ ಚಾಳಿಯದು, ಹಾಗಾಗಿ ಇಲ್ಲದ ಮೈನಸ್ ತೋರಿಸುತ್ತದೆ. ಆ ಬಿಗಿತ ಸಡಿಲಿಸುವ ಹನಿ ಹಾಕಿ, ಅರ್ಧ-ಮುಕ್ಕಾಲು ಗಂಟೆ ಕೂಡಿಸಿ ನಂತರ ನೋಡಿದ ನಂಬರೇ ನಿಜವಾದದ್ದು. ಹನಿ ಹಾಕಿದ ದಿನ ಹತ್ತಿರದ ಅಕ್ಷರ ಮಸುಕಾಗುತ್ತದೆ, ಬಿಸಿಲು ಚುಚ್ಚುತ್ತದೆ. ಹಾಗಾಗಿ ಶಾಲೆಯ ಪರೀಕ್ಷೆಯ ಹಿಂದಿನ ದಿನ ಹನಿ ಬೇಡ, ತಲೆಗೆ ಟೋಪಿ ಇರಲಿ.

ಇನ್ನೊಂದು ಅಳತೆ ಕಣ್ಣಿನ ಉದ್ದದ್ದು. ಬೆಳಕಿನಿಂದ ಅಳೆಯುವ ಬಯೋಮೆಟ್ರಿ ಯಂತ್ರ ಕಣ್ಣಿಗೆ ತಾಗುವುದಿಲ್ಲ, ಮಿಲಿಮೀಟರಿನ ನೂರನೇ ಭಾಗದಲ್ಲಿ ಲೆಕ್ಕ ಕೊಡುತ್ತದೆ. ಕಣ್ಣಿಗೆ ತಾಗಿಸಿ ನೋಡುವ ಎ-ಸ್ಕ್ಯಾನ್ ಇಷ್ಟು ಸೂಕ್ಷ್ಮವಲ್ಲ, ಆರು ತಿಂಗಳ ವ್ಯತ್ಯಾಸ ಹಿಡಿಯಲು ಅದು ಸಾಲದು. ಪೊರೆ ಆಪರೇಷನ್ ಮಾಡುವ ದೊಡ್ಡ ಆಸ್ಪತ್ರೆಗಳಲ್ಲಿ ಬಯೋಮೆಟ್ರಿ ಯಂತ್ರ ಇರುವುದು ಸಾಮಾನ್ಯ. “ಮಗುವಿನ ಆಕ್ಸಿಯಲ್ ಲೆಂತ್ ಬೆಳಕಿನ ಯಂತ್ರದಲ್ಲಿ ನೋಡ್ತೀರೇನ್ರಿ?” ಎಂದು ಫೋನಿನಲ್ಲೇ ಕೇಳಿಕೊಂಡು ಹೊರಡಿ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಸ್ಪತ್ರೆಗಳ ಕಣ್ಣಿನ ವಿಭಾಗದಲ್ಲಿ ಮೊದಲ ತಪಾಸಣೆ ಮಾಡಿಸಬಹುದು. ಲೆನ್ಸ್ ಅಳವಡಿಕೆಗೆ ದೂರ ಹೋಗಬೇಕಾದರೆ ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ ನಮ್ಮ ಮೂರೂ ಜಿಲ್ಲೆಯವರಿಗೆ ಗೊತ್ತಿರುವ ದಾರಿಯೇ. ಎಲ್ಲೇ ಹೋದರೂ ಮುಂದಿನ ಅಳತೆಗಳು ಅದೇ ಮಾದರಿಯ ಯಂತ್ರದಲ್ಲಿ ಆಗಲಿ.

ಚಷ್ಮಾ ನಂಬರೇ ಲೆನ್ಸ್ ನಂಬರಲ್ಲ. ಚಷ್ಮಾ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಮೈನಸ್ 4 ದಾಟಿದ ಮೇಲೆ ಈ ವ್ಯತ್ಯಾಸ ಎದ್ದು ಕಾಣುತ್ತದೆ: ಚಷ್ಮಾದಲ್ಲಿ ಮೈನಸ್ 5.00 ಇದ್ದರೆ ಲೆನ್ಸಿನಲ್ಲಿ ಮೈನಸ್ 4.75. ಹಾಗಾಗಿ ಚಷ್ಮಾ ಚೀಟಿ ತೋರಿಸಿ ಆನ್‌ಲೈನ್‌ನಲ್ಲಿ ಲೆನ್ಸ್ ತರಿಸಬೇಡಿ.

ಯಾರಿಗೆ ಸದ್ಯಕ್ಕೆ ಬೇಡ

ಫೆಬ್ರವರಿ ಬಂದ ಕೂಡಲೇ ಕಣ್ಣು ಕೆಂಪಗೆ ಮಾಡಿಕೊಂಡು, ಎರಡೂ ಮುಷ್ಟಿಯಿಂದ ಉಜ್ಜುತ್ತ, ಅಂಟಂಟು ಪಿಸುರು ಬರಿಸಿಕೊಳ್ಳುವ ಮಕ್ಕಳು ನಮ್ಮ ಒಣ ಹವೆಯಲ್ಲಿ ಬೇಕಾದಷ್ಟು. ಇದು ಅಲರ್ಜಿ. ಮೊದಲು ಅದರ ಚಿಕಿತ್ಸೆ, ಅದು ಹಿಡಿತಕ್ಕೆ ಬಂದ ಮೇಲೆ ಲೆನ್ಸ್. ಉಜ್ಜುವ ಮಗುವಿನ ಸಿಲಿಂಡರ್ ನಂಬರ್ ವರ್ಷ ವರ್ಷ ಏರುತ್ತಿದ್ದರೆ ಕಾರ್ನಿಯಾ ನಕ್ಷೆ ತೆಗೆಸಲೇಬೇಕು, ಅದು ಕಾರ್ನಿಯಾ ಶಂಕುವಿನಂತೆ ಉಬ್ಬುವ ಬೇರೆಯೇ ಕಾಯಿಲೆ ಇರಬಹುದು.

ಕೈ ತೊಳೆ ಎಂದು ದಿನಾ ಜಗಳವಾಡಬೇಕಾದ ಮಗುವಿಗೂ ಬೇಡ. ಅಂಥವರಿಗೆ ಇದೇ ತತ್ವದ ಚಷ್ಮಾ ಗಾಜುಗಳಿವೆ: ಮಿಯೋಸ್ಮಾರ್ಟ್, ಸ್ಟೆಲೆಸ್ಟ್. ಪರಿಣಾಮದಲ್ಲಿ ಅವೇನೂ ಕಡಿಮೆ ದರ್ಜೆಯವಲ್ಲ. ರಾತ್ರಿ ಮಲಗುವಾಗ ಹಾಕುವ ಕಡಿಮೆ ಪ್ರಮಾಣದ ಆಟ್ರೋಪಿನ್ ಹನಿಯೂ ಇದೆ, ವೈದ್ಯರ ಚೀಟಿಯಿಂದ ಮಾತ್ರ. ಲೆನ್ಸ್ ಜೊತೆ ಹನಿಯನ್ನೂ ಬರೆದಿದ್ದರೆ ಲೆನ್ಸ್ ತೆಗೆದ ಮೇಲೆಯೇ ಹಾಕಿ. ಹಾಂ, ನಂಬರ್ ಏರಬಾರದೆಂದು ಬೇಕೆಂದೇ ಕಡಿಮೆ ನಂಬರಿನ ಗಾಜು ಹಾಕಿಸುವುದು, ಚಷ್ಮಾ ಬಿಡಿಸಿ ಕೂಡಿಸುವುದು ಇವೆರಡೂ ಪ್ರಯೋಜನಕ್ಕೆ ಬರುವುದಿಲ್ಲ.

ಖರ್ಚನ್ನು ಒಂದು ಡಬ್ಬಿಯ ಬೆಲೆಯಲ್ಲಿ ಅಳೆಯಬೇಡಿ. ವಾರಕ್ಕೆ ಆರು ದಿನ ಹಾಕಿದರೆ ವರ್ಷಕ್ಕೆ ಒಂದೊಂದು ಕಣ್ಣಿಗೆ 313 ಲೆನ್ಸ್. 30ರ ಡಬ್ಬಿ ಕಣ್ಣಿಗೆ 11ರಂತೆ 22 ಡಬ್ಬಿ. ಇದು ನಾಲ್ಕಾರು ವರ್ಷ ನಡೆಯುವ ಖರ್ಚು. ನಡುವೆ ಕೈಬಿಡುವ ಹಾಗಿದ್ದರೆ ಮೊದಲೇ ಬೇರೆ ದಾರಿ ಹಿಡಿಯುವುದು ಲೇಸು. ವರ್ಷದ್ದೆಲ್ಲ ಒಮ್ಮೆಗೇ ಕೊಳ್ಳಬೇಡಿ, ಆರು ತಿಂಗಳಿಗೆ ನಂಬರ್ ಬದಲಾಗಬಹುದು.

ಹಾಕುವುದು, ತೆಗೆಯುವುದು

ಆಸ್ಪತ್ರೆಯಲ್ಲಿ ಮಗು ತಾನೇ ಹಾಕಿ ತಾನೇ ತೆಗೆದು ತೋರಿಸುವ ತನಕ ಲೆನ್ಸ್ ಮನೆಗೆ ತರಬೇಡಿ. ತೆಗೆಯುವುದು ಮುಖ್ಯ. ಶಾಲೆಯಲ್ಲಿ ಕಣ್ಣು ಚುಚ್ಚಿದಾಗ ನೀವು ಹತ್ತಿರ ಇರುವುದಿಲ್ಲ.

1. ಉಗುರು ಕತ್ತರಿಸಿರಬೇಕು. ಕೈಯನ್ನು ಎಣ್ಣೆ ಅಂಶವಿಲ್ಲದ ಸಾಬೂನಿನಿಂದ ಇಪ್ಪತ್ತು ಸೆಕೆಂಡ್ ಉಜ್ಜಿ ತೊಳೆದು, ನೂಲು ಬಿಡದ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು. ತೊಳೆಯುವುದನ್ನು ಎಲ್ಲರೂ ನೆನಪಿಡುತ್ತಾರೆ, ಒಣಗಿಸುವುದನ್ನು ಮರೆಯುತ್ತಾರೆ. ಬೆರಳ ತುದಿಯ ಆ ಒಂದು ಹನಿ ಬೋರ್ ನೀರೇ ಸೋಂಕು ತರಬಲ್ಲದು. ಬೆರಳು ಒದ್ದೆಯಿದ್ದರೆ ಲೆನ್ಸ್ ಕಣ್ಣಿಗೆ ಹೋಗದೆ ಬೆರಳಿಗೇ ಅಂಟುತ್ತದೆ.

2. ಬಚ್ಚಲ ಹತ್ತಿರ, ಮೋರಿಯ ಮೇಲೆ ನಿಂತು ಹಾಕಬೇಡಿ. ಮೇಜಿನ ಮೇಲೆ ಸ್ವಚ್ಛ ಬಟ್ಟೆ ಹಾಸಿ ಕನ್ನಡಿಯನ್ನು ಮಲಗಿಸಿಡಿ, ಫ್ಯಾನ್ ಬಂದ್ ಮಾಡಿ.

3. ಯಾವಾಗಲೂ ಬಲಗಣ್ಣಿನಿಂದ ಶುರು. ಎರಡೂ ಕಣ್ಣಿನ ನಂಬರ್ ಬೇರೆಯಾದರೆ ಡಬ್ಬಿಯ ಮೇಲೆ ಮಾರ್ಕರ್‌ನಿಂದ ‘ಬಲ’, ‘ಎಡ’ ಎಂದು ದೊಡ್ಡದಾಗಿ ಬರೆಯಿರಿ. “ಒಂದು ಕಣ್ಣು ಮಬ್ಬು ಕಾಣಾಕತ್ತದ” ಎಂಬ ದೂರಿಗೆ ಹಲವು ಸಲ ಕಾರಣ ಅದಲು ಬದಲಾದ ಲೆನ್ಸ್.

4. ಬೆರಳ ತುದಿಯ ಮೇಲೆ ಕೂಡಿಸಿ ಪಕ್ಕದಿಂದ ನೋಡಿ. ಅಂಚು ಬಟ್ಟಲಿನಂತೆ ನೆಟ್ಟಗಿದ್ದರೆ ಸರಿ. ತಾಟಿನ ಅಂಚಿನಂತೆ ಹೊರಗೆ ಬಾಗಿದ್ದರೆ ತಿರುವುಮುರುವಾಗಿದೆ. ಹಾಗೇ ಹಾಕಿದರೆ ಚುಚ್ಚುತ್ತದೆ, ಜಾರುತ್ತದೆ. ಅಂಚು ಹರಿದಿದ್ದರೆ ಬಿಸಾಡಿ.

5. ಒಂದು ಕೈಯ ಬೆರಳಿನಿಂದ ಮೇಲಿನ ರೆಪ್ಪೆಯನ್ನು ಕೂದಲಿನ ಬುಡದಲ್ಲಿ ಹಿಡಿದೆತ್ತಿ, ಇನ್ನೊಂದು ಕೈಯ ನಡುಬೆರಳಿನಿಂದ ಕೆಳರೆಪ್ಪೆ ಎಳೆದು, ತೋರುಬೆರಳಿನಿಂದ ಲೆನ್ಸ್ ಇಡಬೇಕು. ಕೂಡಲೇ ರೆಪ್ಪೆ ಬಿಡಬಾರದು. ಕೆಳಗೆ, ಪಕ್ಕಕ್ಕೆ ನೋಡಿ ಗಾಳಿ ಹೊರಹೋದ ಮೇಲೆ ಮೆಲ್ಲಗೆ ಬಿಡಬೇಕು.

6. ತೆಗೆಯುವಾಗಲೂ ಕೈ ತೊಳೆದು ಒಣಗಿಸಬೇಕು. ಮೇಲೆ ನೋಡುತ್ತ ಲೆನ್ಸನ್ನು ಬಿಳಿಗುಡ್ಡೆಯ ಮೇಲೆ ಜಾರಿಸಿ, ಬೆರಳ ಮೆತ್ತನೆ ಭಾಗದಿಂದ ಚಿವುಟಿ ತೆಗೆಯಬೇಕು. ಉಗುರು ತಾಗಬಾರದು. ಒಣಗಿ ಅಂಟಿದ್ದರೆ ಲೆನ್ಸಿಗೆ ಆಗುವ, ಸಂರಕ್ಷಕ ಇಲ್ಲದ ಕಣ್ಣೀರ ಹನಿ ಎರಡು ಬಿಟ್ಟು ಐದು ನಿಮಿಷ ಕಾಯಿರಿ. ಲೆನ್ಸ್ ಕಾಣದೆ ಹೋದರೆ ಗಾಬರಿ ಬೇಡ, ಕಣ್ಣಿನ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಮೇಲಿನ ರೆಪ್ಪೆಯಡಿ ಮಡಚಿಕೊಂಡಿರುತ್ತದೆ.

ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಎರಡು ಗಂಟೆ ಹೆಚ್ಚಿಸುತ್ತ ಹೋಗುವುದು ಸಾಮಾನ್ಯ ಕ್ರಮ. ಗುರಿ: ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 6 ದಿನ. ಶಾಲೆಗೆ ಮಾತ್ರ ಹಾಕಿ ಬಂದ ಕೂಡಲೇ ತೆಗೆದಿಟ್ಟರೆ ಹೋಂವರ್ಕ್, ಟ್ಯೂಷನ್, ಮೊಬೈಲ್ ಎಲ್ಲ ಬರಿ ಚಷ್ಮಾದಲ್ಲಿ ನಡೆಯುತ್ತವೆ. ಹತ್ತಿರದ ಕೆಲಸ ಹೆಚ್ಚಿರುವುದೇ ಆ ಹೊತ್ತಿನಲ್ಲಿ. ಬೇಸಿಗೆಯ ಬೆಳಗಿನ ಶಾಲೆ ಶುರುವಾದಾಗ ಗಂಟೆಗಳ ಲೆಕ್ಕ ತಪ್ಪುವುದು ಇನ್ನೂ ಹೆಚ್ಚು: ಹನ್ನೆರಡೂವರೆಗೆ ಮನೆಗೆ ಬಂದ ಮಗು ಲೆನ್ಸ್ ತೆಗೆದು ಮಲಗಿದರೆ ಆ ದಿನ ಐದು ಗಂಟೆಯಷ್ಟೇ. ಮಧ್ಯಾಹ್ನ ಮಲಗುವ ಮಗುವಾದರೆ ಲೆನ್ಸ್ ತೆಗೆಸಿ, ಎದ್ದ ಮೇಲೆ ಹೊಸ ಜೋಡಿ ಹಾಕಿ, ಅಥವಾ ಅಷ್ಟು ದಿನ ಮಲಗುವುದನ್ನೇ ಬಿಡಿಸಿ. ಲೆನ್ಸ್ ಹಾಕಿಕೊಂಡು ಮಲಗುವಂತಿಲ್ಲ.

ಮೊದಲ ಒಂದೆರಡು ವಾರ ಅಕ್ಷರಗಳ ಸುತ್ತ ನೆರಳು, ರಾತ್ರಿ ದೀಪದ ಸುತ್ತ ಪ್ರಭೆ ಕಾಣುವುದು ಸಹಜ. ಸುತ್ತಿನ ವಲಯಗಳ ಕೆಲಸವೇ ಅದು. ತಿಂಗಳಾದರೂ ಬೋರ್ಡ್ ಓದಲಾಗದಿದ್ದರೆ ತೋರಿಸಿ.

ನಮ್ಮ ನೀರು, ನಮ್ಮ ಧೂಳು

ನೀರು ಲೆನ್ಸಿನ ಶತ್ರು. ನಲ್ಲಿ, ಬೋರ್, ಬಾವಿ, ಫಿಲ್ಟರ್ ಎಂಬ ಭೇದವಿಲ್ಲ. ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ನೀರಿನಲ್ಲಿ ಇರುತ್ತದೆ. ಲೆನ್ಸಿನಡಿ ಸೇರಿದರೆ ಕಾರ್ನಿಯಾ ತಿನ್ನುತ್ತದೆ, ತಿಂಗಳುಗಟ್ಟಲೆ ಔಷಧ ಹಾಕಿದರೂ ಕಲೆ ಉಳಿಯಬಹುದು. ಸ್ನಾನ ಆದ ಮೇಲೆ ಲೆನ್ಸ್. ಬೇಸಿಗೆ ರಜೆಯಲ್ಲಿ ತೋಟದ ಬಾವಿಗೆ ಈಜಲು ಹೊರಟರೆ ಲೆನ್ಸ್ ಮನೆಯಲ್ಲಿರಲಿ. ಬಣ್ಣದ ಹೋಳಿಯ ದಿನ ಚಷ್ಮಾವೇ ಸರಿ. ಕೆಳಗೆ ಬಿದ್ದ ಲೆನ್ಸನ್ನು ಬಾಟಲಿ ನೀರಲ್ಲಿ ತೊಳೆದು, ಇಲ್ಲವೆ ಎಂಜಲು ಹಚ್ಚಿ ಹಾಕಿಕೊಳ್ಳುವುದು ಶಾಲೆಗಳಲ್ಲಿ ನಡೆಯುವ ತಪ್ಪು. ಬಿದ್ದದ್ದು ಬಿದ್ದಿತು, ಬಿಸಾಡಬೇಕು. ಪಾಟಿಚೀಲದಲ್ಲಿ ಚಷ್ಮಾ ಮತ್ತು ಒಂದು ಹೊಸ ಜೋಡಿ ಸದಾ ಇರಲಿ.

ವಿಭೂತಿ, ಕಾಡಿಗೆ, ಪೌಡರ್ ಎಲ್ಲವೂ ಲೆನ್ಸ್ ಹಾಕಿದ ನಂತರ, ಅದೂ ಕಾಡಿಗೆ ರೆಪ್ಪೆಯ ಒಳಅಂಚಿಗೆ ತಾಗದಂತೆ. ಒಣ ವಿಭೂತಿ ಹಣೆಯಿಂದ ಉದುರಿ ಕಣ್ಣಿಗೆ ಬೀಳುತ್ತದೆ, ನೀರು ಕಲಸಿ ತೆಳ್ಳಗೆ ಹಚ್ಚಿದರೆ ಆ ತೊಂದರೆ ಕಡಿಮೆ. ತಲೆಗೆ ಎಣ್ಣೆ ಹಚ್ಚಿದ ಕೈ, ಹಸಿಮೆಣಸಿನಕಾಯಿ ಮುರಿದ ಕೈ ಸಾಬೂನಿನ ಒಂದು ತೊಳೆತಕ್ಕೆ ಸ್ವಚ್ಛವಾಗುವುದಿಲ್ಲ. ತೊಗರಿ ರಾಶಿ ನಡೆಯುವ ದಿನಗಳಲ್ಲಿ ಹೊಲಕ್ಕೆ ಹೋಗುವ ಮಗುವಿಗೆ ಲೆನ್ಸ್ ಬೇಡ. ಹೊಟ್ಟಿನ ಧೂಳು ಲೆನ್ಸಿನಡಿ ಸಿಕ್ಕರೆ ಕಾರ್ನಿಯಾ ಗೀರುತ್ತದೆ, ಬೆಳೆಯ ಕಸದಿಂದಾದ ಗೀರಿಗೆ ಶಿಲೀಂಧ್ರ ಸೋಂಕು ಹತ್ತುವುದು ಹೊಲದ ಊರುಗಳಲ್ಲಿ ವೈದ್ಯರು ಮೇಲಿಂದ ಮೇಲೆ ನೋಡುವ ಸಂಗತಿ. ವಾರದ ಆ ಒಂದು ರಜೆಯನ್ನು ಇಂಥ ದಿನಕ್ಕೆ ಉಳಿಸಿಕೊಳ್ಳಿ. ಡಬ್ಬಿಗಳನ್ನು ಪತ್ರಾಸ್ ಮಾಡಿನ ಕೋಣೆಯಲ್ಲಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಡಬೇಡಿ. ಮನೆಯ ತಂಪಾದ ಮೂಲೆ ಸಾಕು, ಫ್ರಿಜ್‌ನ ಐಸ್ ಖಾನೆ ಬೇಡ.

ಮಗುವನ್ನು ದಿನಕ್ಕೆ ಎರಡು ಗಂಟೆ ಬಯಲ ಬೆಳಕಿಗೆ ಬಿಡುವುದನ್ನು ಲೆನ್ಸ್ ಬಂತೆಂದು ನಿಲ್ಲಿಸಬೇಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ಹೇಗೆ ಎಂದರೆ, ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ಬೇವಿನ ಮರದ ನೆರಳಿನಲ್ಲೂ ಮನೆಯೊಳಗಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕಿರುತ್ತದೆ.

ಕಣ್ಣು ಕೆಂಪಾದರೆ

ನೋವು, ಕೆಂಪು, ಬೆಳಕು ನೋಡಲಾಗದಿರುವುದು, ನೀರು ಸುರಿಯುವುದು, ಮಬ್ಬು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆಯಿರಿ. ಬಿಸಾಡಬೇಡಿ, ಸ್ವಚ್ಛ ಡಬ್ಬಿಯಲ್ಲಿ ಹಾಕಿಕೊಂಡು ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಸೋಂಕು ಯಾವುದೆಂದು ಪತ್ತೆಹಚ್ಚಲು ಅದು ಬೇಕಾಗುತ್ತದೆ. ಕಣ್ಣಿಗೆ ಪಟ್ಟಿ ಕಟ್ಟಬೇಡಿ. ಹರಳೆಣ್ಣೆ, ಜೇನುತುಪ್ಪ, ಎದೆಹಾಲು, ಗುಲಾಬಿ ನೀರು ಯಾವುದೂ ಬೇಡ. ಎಲ್ಲಕ್ಕಿಂತ ಅಪಾಯದ್ದು ಮೆಡಿಕಲ್‌ನಲ್ಲಿ ಕೇಳಿ ತರುವ ‘ಕೆಂಪು ಕಣ್ಣಿನ ಹನಿ’. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತದೆ.

ಕೆಲಸ ಮಾಡುತ್ತಿದೆಯೇ?

ಮೊದಲ ವಾರ, ಮೊದಲ ತಿಂಗಳು ತೋರಿಸಿ. ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ, ಉದ್ದದ ಅಳತೆ ಆರು ತಿಂಗಳಿಗೊಮ್ಮೆ. ಒಂದು ನೋಟ್‌ಬುಕ್‌ನಲ್ಲಿ ದಿನಾಂಕ, ಎರಡೂ ಕಣ್ಣಿನ ನಂಬರ್, ಉದ್ದ, ವಾರಕ್ಕೆ ಎಷ್ಟು ದಿನ ಎಷ್ಟು ಗಂಟೆ ಹಾಕಿತು ಎಂದು ಬರೆಯಿರಿ. ಬೆಳೆಯುವ ಮಗುವಿನ ಕಣ್ಣು ಸ್ವಲ್ಪ ಬೆಳೆಯಲೇಬೇಕು. ವರ್ಷಕ್ಕೆ 0.1 ಮಿ.ಮೀ. ಆಸುಪಾಸು ಇದ್ದರೆ ಒಳ್ಳೆಯದು. 0.3 ದಾಟಿದರೆ ಮೊದಲು ಗಂಟೆಗಳ ಪುಟ ನೋಡಿ, ಹೆಚ್ಚಿನ ಸಲ ಉತ್ತರ ಅಲ್ಲಿಯೇ ಸಿಗುತ್ತದೆ. ಗಂಟೆಗಳು ಸರಿಯಿದ್ದೂ ಏರುತ್ತಿದ್ದರೆ ಲೆನ್ಸಿನ ಮಾದರಿ ಬದಲಿಸುವ ಅಥವಾ ಆಟ್ರೋಪಿನ್ ಸೇರಿಸುವ ಮಾತು ವೈದ್ಯರೊಡನೆ ಆಡಿ. ಆರು ತಿಂಗಳ ಒಂದೇ ಅಳತೆ ನೋಡಿ ತೀರ್ಮಾನಕ್ಕೆ ಬರಬೇಡಿ, ವರ್ಷದ ಲೆಕ್ಕ ಬೇಕು.

ಎಲ್ಲಿಯವರೆಗೆ? ಅಮೆರಿಕದ ಕಾಮೆಟ್ ಅಧ್ಯಯನದ ಮಕ್ಕಳಲ್ಲಿ ಅರ್ಧಕ್ಕೆ ಹತ್ತಿರ ಮಂದಿಯ ನಂಬರ್ 15ನೇ ವಯಸ್ಸಿಗೆ ನಿಂತಿತ್ತು, 18ಕ್ಕೆ ಮುಕ್ಕಾಲು ಪಾಲು. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿಯಿತೆಂದು ಬಿಡಿಸಬೇಡಿ. ಪಿಯುಸಿಯ ಎರಡು ವರ್ಷ ಓದಿನ ಹೊರೆ ಮತ್ತೂ ಹೆಚ್ಚು. ಎರಡು ವರ್ಷ ಸತತ ನಂಬರೂ ಉದ್ದವೂ ನಿಂತಲ್ಲೇ ನಿಂತ ಮೇಲೆ ಬಿಡಿಸಿ ನೋಡಬಹುದು. ಬಿಟ್ಟ ಮೇಲೆ ಒಂದು ವರ್ಷ ಆರು ತಿಂಗಳಿಗೊಮ್ಮೆ ಅಳತೆ ತೆಗೆಸಿ. ಆರ್ಥೋ-ಕೆಯನ್ನು 14ರೊಳಗೆ ಬಿಡಿಸಿದರೆ ಕಣ್ಣು ಮತ್ತೆ ವೇಗವಾಗಿ ಬೆಳೆದದ್ದು ಕಂಡುಬಂದಿದೆ. ಮತ್ತೆ ಏರತೊಡಗಿದರೆ ಅದೇ ಲೆನ್ಸನ್ನು ಪುನಃ ಶುರುಮಾಡಬಹುದು.